ಹೊಲದಂಚಿನ ಅಡವಿ: ಒಡೆಯರನ್ನು ಕೇಳಿ ಲೆಕ್ಕ ಬರೆಯುವ ಬಗೆ

ಅಡವಿಯೆಂದರೆ ಸರಕಾರದ್ದು, ಹೊಲವೆಂದರೆ ನಮ್ಮದು ಎಂದು ನಮ್ಮ ರೈತರು ಸಾಮಾನ್ಯವಾಗಿ ಎಣಿಸುತ್ತಾರೆ. ಕುಂಚಾವರಂ ಗುಡ್ಡಗಳ ಕಡೆಗೋ ಅನಂತಗಿರಿಯ ಕಡೆಗೋ ಕೈ ತೋರಿಸಿ, ಕಾಡುಪ್ರಾಣಿಗಳು ಅಲ್ಲಿರತಕ್ಕವು, ಹೊಲಕ್ಕೆ ಬಂದರೆ ಅದು ಅವುಗಳದೇ ತಪ್ಪು ಎನ್ನುವವರೂ ಉಂಟು. ಆದರೆ ಜಹೀರಾಬಾದ, ನಾರಾಯಣಖೇಡ, ತಾಂಡೂರು ಈ ಮೂರು ಭಾಗಗಳ ಯಾವ ಶಿವಾರದಲ್ಲಾದರೂ ಒಂದು ದಿನ ನಸುಕಿನಲ್ಲಿ ತಿರುಗಾಡಿದರೆ ಬೇರೆಯೇ ಮಾತು ಕಣ್ಣಿಗೆ ಬೀಳುವುದು. ಚಿಗರಿ ಮೇಯುವುದು ಪಡ ಬಿದ್ದ ಹೊಲದಲ್ಲಿ. ನವಿಲು ಮೊಟ್ಟೆಯಿಡುವುದು ಒಡ್ಡಿನ ಮೇಲಿನ ಬಾರಿಗಿಡದ ಬುಡದಲ್ಲಿ. ಕೌಜುಗ ಅಡಗುವುದು ಹಳ್ಳದ ದಂಡೆಯ ಹುಲ್ಲಿನಲ್ಲಿ, ಗೂಬೆ ಕೂಡುವುದು ಯಾರದೋ ಬಾವಿಯ ಮೇಲಿನ ಹಳೆಯ ಬೇವಿನ ಪೊಟರೆಯಲ್ಲಿ. ಈ ಪಡ, ಈ ಒಡ್ಡು, ಈ ದಂಡೆ, ಈ ಬೇವು ಒಬ್ಬೊಬ್ಬ ಪಟ್ಟಾದಾರನ ಸ್ವತ್ತು. ಅಂದಮೇಲೆ ನಮ್ಮ ಬಯಲುಸೀಮೆಯ ಕಾಡುಪ್ರಾಣಿಗಳ ದೊಡ್ಡ ಪಾಲು ರೈತನ ನೆಲದ ಮೇಲೆಯೇ ಬದುಕಿದೆಯೆಂದು ಹೇಳಬೇಕಾಗುತ್ತದೆ.

ಹೀಗಿರುವಾಗ ಆ ನೆಲದ ಒಡೆಯನನ್ನು ಯಾರೂ ಒಂದು ಮಾತು ಕೇಳದಿರುವುದು ಸೋಜಿಗವಲ್ಲವೇ? ಆ ಎರಡು ಎಕರೆ ಕಲ್ಲುಭೂಮಿಯನ್ನು ಅವನು ಏಕೆ ಹಾಗೆ ಬಿಟ್ಟಿದ್ದಾನೆ, ಮುಂದಿನ ವರ್ಷವೂ ಬಿಡುವನೋ ಇಲ್ಲವೋ, ಅದರಿಂದ ಅವನ ಮನೆಗೆ ಏನು ಬರುತ್ತದೆ, ಅದರಲ್ಲಿ ಅವನಿಗೇನು ತೊಂದರೆ? ಇದನ್ನು ತಿಳಿಯದೆ ವನ್ಯಜೀವಿಗಳನ್ನು ಉಳಿಸುವ ಮಾತು ಆಡುವುದು ಬಿತ್ತುವ ಮೊದಲೇ ರಾಶಿಯ ಲೆಕ್ಕ ಹಾಕಿದಂತೆ.

ಈ ಲೆಕ್ಕಕ್ಕೆ ಈಗಲೇ ಅವಸರವೇಕೆಂದು ಕೇಳಿದರೆ, ಪಡಭೂಮಿ ಕಣ್ಣೆದುರಿಗೇ ಕರಗುತ್ತಿದೆ. ಕೊಳವೆಬಾವಿಗೆ ನೀರು ಬಿದ್ದಲ್ಲೆಲ್ಲ ಕಬ್ಬು ಬಂತು. ಹೆದ್ದಾರಿಯ ಮಗ್ಗುಲಲ್ಲಿ ನಿವೇಶನದ ಕಲ್ಲುಗಳು ನಿಂತವು. ನ್ಯಾಲಕಲ್ ಮತ್ತು ಝರಾಸಂಗಂ ಮಂಡಲಗಳಲ್ಲಿ ಸುಮಾರು 12,600 ಎಕರೆಯ ಕೈಗಾರಿಕಾ ವಲಯ ಗೊತ್ತಾಯಿತು. ಕೇಂದ್ರ ಸರಕಾರ ಅದಕ್ಕೆ 2016ರಲ್ಲಿ ಅಂತಿಮ ಒಪ್ಪಿಗೆ ಕೊಟ್ಟಿತು. ತಾಂಡೂರಿನ ಕಡೆ ಹಾಸುಗಲ್ಲಿನ ಗಣಿಗಳೂ ಸಿಮೆಂಟಿನ ಕಾರಖಾನೆಗಳೂ ಮೊದಲಿನಿಂದಲೇ ಇವೆ. ಇವು ಬೇಕೋ ಬೇಡವೋ ಎಂಬ ಚರ್ಚೆ ಈ ಪುಟದ್ದಲ್ಲ. ನಾವು ನೋಡಬೇಕಾದದ್ದು ಇಷ್ಟು: ನೂರು ಕಡೆ ಹರಡಿದ್ದ ಚಿಗರಿ, ಹಂದಿ, ನವಿಲುಗಳು ಹತ್ತು ಕಡೆ ಒತ್ತಟ್ಟಾದರೆ ಆ ಹತ್ತು ಹೊಲಗಳ ನೆರೆಯ ತೊಗರಿಗೂ ಕಡಲೆಗೂ ಪೆಟ್ಟು ಹೆಚ್ಚುವುದು. ಆಗ ಪಡ ಉಳಿಸಿಕೊಂಡವನೇ ಊರ ಬಾಯಲ್ಲಿ ಅಪರಾಧಿಯಾಗುತ್ತಾನೆ. ಮುಂದಿನ ವರ್ಷ ಅವನೂ ಮರಗಿಡ ಸವರಿ ಉಳುತ್ತಾನೆ.

ಸರಕಾರ ಮರಗಳ ಲೆಕ್ಕವನ್ನು ಇಡುತ್ತಿಲ್ಲವೇ ಎಂದರೆ, ಇಡುತ್ತಿದೆ. ಡೆಹರಾಡೂನಿನಲ್ಲಿ 1981ರಲ್ಲಿ ಸ್ಥಾಪಿತವಾದ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಉಪಗ್ರಹದ ಚಿತ್ರಗಳನ್ನು ನೋಡಿ ದೇಶದ ಅರಣ್ಯವನ್ನು ಅಳೆದು ವರದಿ ಹೊರಡಿಸುತ್ತದೆ. ಅದರ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ, ಎಂದರೆ ಸುಮಾರು ಎರಡೂವರೆ ಎಕರೆಗೆ ಕಡಿಮೆಯಿಲ್ಲದ, ಮರಗಳ ತಲೆ ನೂರಕ್ಕೆ ಹತ್ತು ಪಾಲನ್ನಾದರೂ ಮುಚ್ಚಿದ ನೆಲವೆಲ್ಲ ಅರಣ್ಯದ ಹೊದಿಕೆಯೇ. ಒಡೆಯ ಯಾರಾದರೂ ಸರಿ. ಮಾವಿನ ತೋಟವೂ ನೀಲಗಿರಿಯ ನೆಡುತೋಪೂ ಅದರೊಳಗೆ ಬರುತ್ತವೆ. ಚಿಗರಿಯ ಹುಲ್ಲುಗಾವಲು ಮಾತ್ರ ಬರುವುದಿಲ್ಲ, ಅಲ್ಲಿ ಮರವಿಲ್ಲವಲ್ಲ! ಬೇರೆ ಕಾಗದಗಳಲ್ಲಿ ಅದಕ್ಕೆ ಬಂಜರು ಎಂದೇ ಹೆಸರು. ಇಂಥ ಅಳತೆಯಿಂದ ದೇಶಕ್ಕೆ ಉಪಯೋಗವಿದೆ, ಆದರೆ ಆಕಾಶದಿಂದ ಮರದ ತಲೆ ಕಾಣುವುದೇ ಹೊರತು ಅದರ ಒಡೆಯನ ಮನಸ್ಸು ಕಾಣುವುದಿಲ್ಲ.

ಒಡೆಯನ ಮನಸ್ಸನ್ನು ಕೇಳಿ ತಿಳಿಯುವ ಕೆಲಸ ಪರದೇಶಗಳಲ್ಲಿ ನಡೆದಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಅರಣ್ಯ ಖಾಸಗಿಯವರದು. ಅದರಲ್ಲೂ ಹೆಚ್ಚಿನ ಪಾಲು ಸಾಮಾನ್ಯ ಮನೆತನಗಳದು. ಅಂಥ ಒಡೆಯರ ಸಂಖ್ಯೆ ಒಂದು ಕೋಟಿಗೆ ಹತ್ತಿರ. ಅಲ್ಲಿಯ ಅರಣ್ಯ ಇಲಾಖೆ ಇವರಲ್ಲಿ ಕೆಲವರನ್ನು ಆರಿಸಿ ಅಂಚೆಯಲ್ಲಿ ಪ್ರಶ್ನಪತ್ರ ಕಳಿಸಿ ಉತ್ತರ ತರಿಸಿಕೊಳ್ಳುತ್ತದೆ. ನಿಮ್ಮ ಕಾಡನ್ನು ಏತಕ್ಕಾಗಿ ಇಟ್ಟುಕೊಂಡಿದ್ದೀರಿ ಎಂಬುದು ಮುಖ್ಯ ಪ್ರಶ್ನೆ. ದಿಮ್ಮಿ ಮಾರುವುದಕ್ಕಾಗಿ ಎಂಬ ಉತ್ತರವೇ ಹೆಚ್ಚು ಬರಬೇಕೆಂದು ಯಾರಾದರೂ ಎಣಿಸುವರು. ಬಂದದ್ದು ಬೇರೆ. ನೋಡಲು ಚೆಂದ, ಕಾಡುಪ್ರಾಣಿಗಳು ಇರುತ್ತವೆ, ಮಕ್ಕಳಿಗೆ ಬಿಟ್ಟುಹೋಗಬಹುದು ಎಂಬುವೇ ಮೇಲಿನ ಸ್ಥಾನದಲ್ಲಿ ನಿಂತವು. ಮರ ಮಾರುವ ಮಾತು ಬಹಳ ಕೆಳಗೆ ಬಂತು. ಆದರೂ ತಮ್ಮ ಕಾಡಿಗೆ ಬರೆದಿಟ್ಟ ಯೋಜನೆಯುಳ್ಳವರು ಕೆಲವೇ ಮಂದಿ. ಒಡೆಯನಿಗೆ ಪ್ರಾಣಿಯ ಮೇಲೆ ಮನಸ್ಸು, ಸಲಹೆ ಹೇಳುವವನಿಗೆ ದಿಮ್ಮಿಯ ಮೇಲೆ ಕಣ್ಣು ಎಂದಾದರೆ ಇಬ್ಬರ ಮಾತೂ ಕೂಡುವುದಾದರೂ ಹೇಗೆ? ಕೇಳಿದ ಮೇಲೆಯೇ ಇದು ತಿಳಿದದ್ದು.

ಅಮೆರಿಕದ ಮಾತು ನಮ್ಮ ಎರಡೆಕರೆಯವನಿಗೆ ಏತಕ್ಕೆ ಎನ್ನುವವರು ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಬಹುದು. ಅಲ್ಲಿ ಹೆಜ್ಜಾರ್ಲೆ ಹಕ್ಕಿಗಳೂ ಬಣ್ಣದ ಕೊಕ್ಕರೆಗಳೂ ಪ್ರತಿ ವರ್ಷ ಬಂದು ಗೂಡು ಕಟ್ಟುವುದು ಊರೊಳಗಿನ ಮರಗಳ ಮೇಲೆ, ಮನೆಯ ಹಿತ್ತಲ ಹುಣಸೆಯ ಮೇಲೆ. ಹುಣಸೆಯೆಂದರೆ ಬಡವನ ಮನೆಯ ನಗದು ಬೆಳೆ. ಗೂಡು ಕಟ್ಟಿದ ಮರದ ಹಣ್ಣು ಹಿಕ್ಕೆಯಿಂದ ಕೆಡುತ್ತದೆ. ಮರ ಹತ್ತಿ ಬಡಿದರೆ ಮರಿಗಳು ಬೀಳುತ್ತವೆ. ಆದುದರಿಂದ ಅರಣ್ಯ ಇಲಾಖೆಯವರು ಗೂಡುಮರಗಳ ಒಡೆಯರಿಗೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುವ ಪದ್ಧತಿ ಇಟ್ಟರು. ಆ ಊರವರು ಹಿಕ್ಕೆಯನ್ನು ಕೂಡಿಹಾಕಿ ಹೊಲಕ್ಕೆ ಗೊಬ್ಬರವಾಗಿ ಒಯ್ಯುತ್ತಿದ್ದುದೂ ಪ್ರಸಿದ್ಧವೇ. ಹೆಜ್ಜಾರ್ಲೆ ಬಳಗವೆಂಬ ಊರ ಹುಡುಗರ ಕೂಟ ಕೆಳಗೆ ಬಿದ್ದ ಮರಿಗಳನ್ನು ಸಾಕಿ ಬಿಟ್ಟಿತು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಪರಿಹಾರ ಸಾಲದೆಂಬ ದೂರು ಅಲ್ಲಿಯೂ ಕೇಳಿಬಂದದ್ದುಂಟು. ಆದರೆ ಯಾವ ಮರ ಯಾರದು, ಅದರಿಂದ ಆ ಮನೆಗೆ ಏನು ತಪ್ಪಿತು ಎಂಬುದು ಅಲ್ಲಿ ಲೆಕ್ಕಕ್ಕೆ ಬಂತು. ನಮಗೆ ಬೇಕಾದದ್ದೂ ಅದೇ.

ನಮ್ಮಲ್ಲಿ ಈ ಕೆಲಸಕ್ಕೆ ಅಂಚೆಯ ಪ್ರಶ್ನಪತ್ರ ಬೇಡ. ಒಂದು ಊರಿನ ಶಿವಾರವೆಂದರೆ ಎಷ್ಟು ದೊಡ್ಡದು? ಓದುಬರಹ ಬಲ್ಲ ಇಬ್ಬರು ಹುಡುಗರು, ಶಿವಾರ ಬಲ್ಲ ಒಬ್ಬ ಹಿರಿಯ, ಆಡು ಮೇಯಿಸುವವ ಒಬ್ಬ ಸೇರಿದರೆ ಒಂದು ವಾರದಲ್ಲಿ ಮುಗಿಯುವುದು. ಆಡು ಮೇಯಿಸುವವನನ್ನು ಮರೆಯಬಾರದು. ಯಾವ ಒಡ್ಡಿನಲ್ಲಿ ಏನು ಅಡಗುತ್ತದೆಯೆಂಬುದು ಒಡೆಯನಿಗಿಂತ ಅವನಿಗೆ ಚೆನ್ನಾಗಿ ಗೊತ್ತು.

ಮೊದಲು ನೆಲದ ಜಾತಿ ತಿಳಿಯಬೇಕು. ಪಡವೆಲ್ಲ ಒಂದೇ ತರಹದ್ದಲ್ಲ. ಸ್ವಂತ ಪಟ್ಟಾ ಇದೆಯೋ, ಸರಕಾರ ಬಡವರಿಗೆ ಹಂಚಿದ ಭೂಮಿಯೋ, ಗುಡಿಯ ಅಥವಾ ದರ್ಗಾದ ಇನಾಮೋ, ಊರ ಗಾಯರಾಣವೋ ಎಂಬುದನ್ನು ಬೇರೆ ಬೇರೆ ಬರೆಯತಕ್ಕದ್ದು. ಅನಂತರ ಹೊಲದಲ್ಲಿ ನಿಂತು ನೋಡತಕ್ಕದ್ದು: ಎರಿಯೋ ಮಸಾರಿಯೋ ಬರೇ ಕಲ್ಲೋ, ಮರಗಳೆಷ್ಟು, ಮುಳ್ಳುಪೊದೆ ಎಷ್ಟು ಗುಂಟೆ, ಹುಲ್ಲು ಎಷ್ಟು, ನೀರು ಎಲ್ಲಿ, ಕಟ್ಟೆಯಿಲ್ಲದ ಬಾವಿ ಇದೆಯೋ. ಹೆಜ್ಜೆ, ಹಿಕ್ಕೆ, ಗರಿ, ಬಿಲ ಕಂಡಲ್ಲಿ ಅದನ್ನೂ ಬರೆಯುವುದು. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬರೆದರೆ ಮುಂದೆ ಗೊಂದಲವಾಗದು.

ಇನ್ನು ಒಡೆಯನೊಂದಿಗೆ ಮಾತು. ಇದರಲ್ಲಿಯೇ ಜಾಣತನ ಬೇಕು. ಕಾಗದ ಹಿಡಿದು ಬಾಗಿಲಿಗೆ ಬಂದವರನ್ನು ಕಂಡರೆ ನಮ್ಮ ರೈತ ಮೊದಲು ಹೆದರುತ್ತಾನೆ, ಆಮೇಲೆ ಸುಳ್ಳು ಹೇಳುತ್ತಾನೆ. ಅದರಲ್ಲಿ ಅವನ ತಪ್ಪಿಲ್ಲ. ಜಮೀನು ಹೋದೀತು, ಮರದ ಮೇಲೆ ತೆರಿಗೆ ಬಂದೀತು, ಚಿಗರಿ ಇದೆಯೆಂದರೆ ಉಳುವುದಕ್ಕೇ ಬಿಡಲಿಕ್ಕಿಲ್ಲ ಎಂಬ ಅಂಜಿಕೆ ಅವನದು. ಅದಕ್ಕೆ ಬರೆಯುವವರು ಊರವರೇ ಆಗಿರಬೇಕು, ಪುಸ್ತಕ ಊರಲ್ಲಿಯೇ ಇರಬೇಕು, ಬರೆದದ್ದನ್ನು ಅವನೆದುರು ಓದಿ ಹೇಳಿ ಒಪ್ಪಿಸಿಕೊಳ್ಳಬೇಕು. ಮನೆಯಲ್ಲಿ ಯಾವ ಮಾತು ಆಡುತ್ತಾರೋ ಆ ಮಾತಿನಲ್ಲಿ ಕೇಳಬೇಕು. ಕನ್ನಡ ಮನೆಯಲ್ಲಿ ಕನ್ನಡ, ತೆಲುಗು ಮನೆಯಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ ಬಲ್ಲವರು. ಗಿಡದ ಹೆಸರು, ಹಕ್ಕಿಯ ಹೆಸರು ಮನೆಮಾತಿನಲ್ಲಿ ಬಂದಷ್ಟು ಸರಿಯಾಗಿ ಬೇರೆ ಮಾತಿನಲ್ಲಿ ಬಾರದು.

ಕೇಳತಕ್ಕ ಪ್ರಶ್ನೆಗಳು ಬಹಳವಿಲ್ಲ. ಈ ತುಂಡನ್ನು ಏಕೆ ಉಳದೆ ಬಿಟ್ಟಿರಿ? ವರ್ಷದಲ್ಲಿ ಇದರಿಂದ ಮನೆಗೆ ಏನು ಬರುತ್ತದೆ: ಹುಲ್ಲು, ಉರುವಲು, ಸೀತಾಫಲ, ಬಾರಿಹಣ್ಣು, ಮುತ್ತಲ ಎಲೆ, ಈಚಲ ಪೊರಕೆ? ಯಾವ ಪ್ರಾಣಿ ನಿಮ್ಮ ಬೆಳೆ ತಿನ್ನುತ್ತದೆ, ಯಾವ ತಿಂಗಳಲ್ಲಿ, ಎಷ್ಟು ಸಾಲು? ಐದು ವರ್ಷ ಕಳೆದ ಮೇಲೆ ಈ ತುಂಡು ಹೇಗಿರಬೇಕೆಂದು ನಿಮ್ಮ ಮನಸ್ಸು? ಹಾಗೆಯೇ ಇಡಬೇಕಾದರೆ ನಿಮಗೆ ಏನು ಸಿಗಬೇಕು? ಕಡೆಯ ಎರಡು ಪ್ರಶ್ನೆಗಳನ್ನು ಕೇಳಿ ಸುಮ್ಮನೆ ಕೂಡಬೇಕು. ಉತ್ತರ ತಡವಾಗಿ ಬರುತ್ತದೆ. ಮತ್ತು ಇವೇ ಪ್ರಶ್ನೆಗಳನ್ನು ಮನೆಯ ಹೆಣ್ಣುಮಕ್ಕಳಿಗೆ ಬೇರೆಯಾಗಿ ಕೇಳಬೇಕು. ಪಹಣಿಯಲ್ಲಿ ಹೆಸರು ಗಂಡಸಿನದು, ಆ ಪಡದಿಂದ ಸೌದೆ ಮತ್ತು ಸೊಪ್ಪು ತರುವವಳು ಹೆಂಗಸು. ಇದರಿಂದೇನೂ ಬರುವುದಿಲ್ಲ ಎಂದು ಗಂಡ ಹೇಳಿದ ತುಂಡಿನಿಂದ ಹೆಂಡತಿ ಮಳೆಗಾಲವೆಲ್ಲ ಬಿತ್ತದೆ ಬೆಳೆದ ಸೊಪ್ಪು ತಂದು ಪಲ್ಯ ಮಾಡುತ್ತಿರುವುದು ನಮ್ಮಲ್ಲಿ ಅಪರೂಪವೇನೂ ಅಲ್ಲ.

ಲೆಕ್ಕ ತಿಳಿಯಲೆಂದು ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ 36 ಜನ ಒಡೆಯರ 90 ಎಕರೆ ಪಡ ಇದೆಯೆನ್ನಿ. ಕೇಳಿ ಬರೆದ ಮೇಲೆ ಅದು ನಾಲ್ಕು ಭಾಗವಾಗಿ ಒಡೆಯಿತು. 10 ಜನರ 18 ಎಕರೆ ಒಡೆಯರಿಲ್ಲದೆ ಬಿದ್ದಿದೆ; ಅವರು ಹೈದರಾಬಾದಿಗೋ ಬೀದರಕ್ಕೋ ಹೋಗಿ ದರ ಏರುವುದನ್ನು ಕಾಯುತ್ತಿದ್ದಾರೆ. 15 ಜನರ 40 ಎಕರೆ ಆಡು, ದನಗಳ ಮೇವಿಗಾಗಿಯೇ ಉಳಿದದ್ದು. 6 ಜನರ 20 ಎಕರೆ ಕೊಳವೆಬಾವಿಗೆ ನೀರು ಬಿದ್ದ ದಿನ ಕಬ್ಬಾಗುವುದು. 5 ಜನರ 12 ಎಕರೆ ಬಳ್ಳಾರಿ ಜಾಲಿಯ ಪೊದೆ. ಅಲ್ಲಿ ಹಂದಿ ಸೇರಿಕೊಂಡು ಕಾಡುತ್ತಿವೆ, ಸವರಿಸಬೇಕೆಂಬ ಮನಸ್ಸಿದೆ, ಕೂಲಿಗೆ ಹಣವಿಲ್ಲ. ಆಕಾಶದಿಂದ ನೋಡಿದವನಿಗೆ ಈ 90 ಎಕರೆ ಒಂದೇ ಬಣ್ಣ. ಕೆಲಸ ಮಾಡುವವನಿಗೆ ಇವು ನಾಲ್ಕು ಬೇರೆ ಬೇರೆ ಕೆಲಸ. ಮೇವಿನ 40 ಎಕರೆಗೆ ಹಣವೇ ಬೇಡ. ಪಾಳಿಯಿಂದ ಮೇಯಿಸುವ ಒಂದು ಒಪ್ಪಂದ ಸಾಕು. ಊರಲ್ಲಿಲ್ಲದವರ 18 ಎಕರೆಗೆ ಒಂದು ದೂರವಾಣಿಯ ಮಾತು ಸಾಕಾದೀತು. ಬೆಂಕಿ ಬೀಳದಂತೆ, ಮರ ಕಳವಾಗದಂತೆ ಊರವರು ಕಾಯುತ್ತಾರೆಂದರೆ ಬೇಡವೆನ್ನುವವರು ಯಾರು? ಕಬ್ಬಾಗುವ 20 ಎಕರೆಯನ್ನು ತಡೆಯಲಿಕ್ಕಾಗದು. ಒಡ್ಡಿನ ಮರಗಳನ್ನಾದರೂ ಉಳಿಸಿರೆಂದು ಕೇಳಬಹುದು. ಜಾಲಿಯ 12 ಎಕರೆಗೆ ಮಾತ್ರ ಕೂಲಿ ಬೇಕು.

ಒಡೆಯನನ್ನು ಕೇಳಿದ್ದಾಯಿತು. ಇನ್ನು ಪ್ರಾಣಿಗೆ ಏನು ಬೇಕೆಂಬುದನ್ನೂ ತಿಳಿಯಬೇಕು. ಇಲ್ಲಿ ನಮ್ಮ ಜನ, ಓದಿದವರೂ ಸಹ, ಒಂದು ತಪ್ಪು ಮಾಡುತ್ತಾರೆ. ಖಾಲಿ ನೆಲ ಕಂಡಲ್ಲೆಲ್ಲ ಸಸಿ ನೆಟ್ಟರೆ ವನ್ಯಜೀವಿಗಳಿಗೆ ಉಪಕಾರವಾಯಿತೆಂದು ಎಣಿಸುತ್ತಾರೆ. ಚಿಗರಿಯ ವಿಷಯದಲ್ಲಿ ಇದು ಉಪಕಾರವಲ್ಲ, ಅಪಕಾರ. ಚಿಗರಿ ಬಯಲಿನ ಪ್ರಾಣಿ. ದೂರದವರೆಗೆ ಕಣ್ಣು ಹರಿಯಬೇಕು, ವೈರಿ ಕಂಡೊಡನೆ ಓಡುವುದಕ್ಕೆ ತೆರವು ಬೇಕು; ಅದರ ಬದುಕೆಲ್ಲ ಕಣ್ಣು ಮತ್ತು ಕಾಲು. ಬೀದರದ ಹೊನ್ನಿಕೇರಿಯ ಸುತ್ತಿನ ಬಯಲುಗಳಲ್ಲಿ ಅವುಗಳ ಹಿಂಡು ನೋಡಿದವರಿಗೆ ಇದು ಗೊತ್ತು. ಆ ಬಯಲಿನಲ್ಲಿ ನೀಲಗಿರಿಯನ್ನೋ ಸುಬಾಬುಲನ್ನೋ ಒತ್ತಾಗಿ ನೆಟ್ಟರೆ ಕಾಗದದಲ್ಲಿ ಅರಣ್ಯ ಹೆಚ್ಚುವುದು, ಚಿಗರಿ ಅಲ್ಲಿಂದೆದ್ದು ತೊಗರಿಯ ಹೊಲಕ್ಕೆ ಬರುವುದು. ಆದುದರಿಂದ ಹುಲ್ಲಿನ ಪಡವನ್ನು ಹುಲ್ಲಾಗಿಯೇ ಬಿಡತಕ್ಕದ್ದು. ಹೆಣ್ಣು ಚಿಗರಿ ಸಾಧಾರಣವಾಗಿ ಒಂದೇ ಮರಿ ಹಾಕುತ್ತದೆ. ಹುಟ್ಟಿದ ಮರಿ ಮೊದಲ ಕೆಲವು ದಿನ ತಾಯಿಯ ಹಿಂದೆ ಓಡದೆ ಎತ್ತರದ ಹುಲ್ಲಿನಲ್ಲಿ ಅಲುಗಾಡದೆ ಮಲಗಿರುತ್ತದೆ. ಪಡಕ್ಕೆ ಒಮ್ಮೆಲೇ ಬೆಂಕಿಯಿಟ್ಟರೆ ಅಥವಾ ಪೂರ್ತಿ ಹುಲ್ಲನ್ನು ಒಂದೇ ದಿನ ಕೊಯ್ದರೆ ಅದು ಸಾಯುತ್ತದೆ, ಇಲ್ಲವೆ ನಾಯಿಯ ಬಾಯಿಗೆ ಬೀಳುತ್ತದೆ. ಮೂರು ಪಟ್ಟಿಯಾಗಿ ಹಂಚಿಕೊಂಡು ಒಂದು ಪಟ್ಟಿ ಕೊಯ್ಯುವಾಗ ಇನ್ನೊಂದನ್ನು ಬಿಡುವ ಪದ್ಧತಿ ದನಗಳಿಗೂ ಒಳ್ಳೆಯದು. ಬೇಸಿಗೆಯವರೆಗೆ ಮೇವು ಸಿಗುತ್ತದೆ. ಕಟ್ಟೆಯಿಲ್ಲದ ಬಾವಿಗೆ ಎರಡು ಮೊಳದ ಕಲ್ಲಿನ ಸುತ್ತುಗಟ್ಟೆ ಹಾಕಿಸುವುದರಿಂದ ಚಿಗರಿಯೂ ನರಿಯೂ ನಮ್ಮ ಮಕ್ಕಳೂ ಉಳಿಯುತ್ತಾರೆ.

ನವಿಲು, ಕೌಜುಗ, ಮೊಲಗಳಿಗೆ ಬೇಕಾದದ್ದು ಬೇರೆ. ಅವಕ್ಕೆ ಪೊದೆ ಬೇಕು. ನವಿಲೂ ಕೌಜುಗವೂ ಗೂಡನ್ನು ನೆಲದ ಮೇಲೆಯೇ ಮಾಡುತ್ತವೆ. ಒಡ್ಡಿನ ಮೇಲಿನ ಬಾರಿ, ಕವಳಿ, ಲಕ್ಕಿ, ತಂಗಡಿಗಳನ್ನು ಪೂರ್ತಿ ಸವರದೆ ಅಲ್ಲಲ್ಲಿ ಒಂದೊಂದು ಗುಂಪು ಬಿಟ್ಟರೆ ಸಾಕು. ಒಡ್ಡಿನ ಮಣ್ಣೂ ಕೊಚ್ಚಿಹೋಗದು. ಗೂಬೆಗೆ ಬೇಕಾದದ್ದು ಪೊಟರೆಯುಳ್ಳ ಹಳೆಯ ಮರ. ಒಣಗಿದ ಮರವೆಂದು ಕಡಿದು ಒಲೆಗೆ ಹಾಕಿದರೆ ಒಂದು ತಿಂಗಳ ಉರುವಲಾದೀತು. ಆ ಗೂಬೆ ತಿನ್ನುತ್ತಿದ್ದ ಇಲಿ, ಹೆಗ್ಗಣಗಳು ಹಿಂಗಾರಿಯ ಜೋಳಕ್ಕೆ ಬಂದು ಕೂಡುವವು.

ತೊಗರಿಯ ರೈತನಿಗಂತೂ ಹಕ್ಕಿಯ ಲಾಭ ನೇರವಾದದ್ದು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು; ಅದರ ವೈರಿ ಕಾಯಿಕೊರಕ ಹುಳು ಮಾತ್ರ ಹಳೆಯದೇ. ಕಾಜಾಣ, ಗೊರವಂಕಗಳು ಆ ಹುಳುವನ್ನು ಹೆಕ್ಕಿ ತಿನ್ನುತ್ತವೆ, ಆದರೆ ಕೂಡಲು ಎತ್ತರದ ಜಾಗ ಬೇಕು. ಒಡ್ಡಿನ ಮರ ದೂರವಿದ್ದಲ್ಲಿ ಹೊಲದ ನಡುವೆ ಎಕರೆಗೆ ಇಪ್ಪತ್ತರಷ್ಟು ಕವಲುಗೂಟ ನಿಲ್ಲಿಸುವುದನ್ನು ಕೃಷಿ ಇಲಾಖೆಯವರು ಹೇಳುತ್ತ ಬಂದಿದ್ದಾರೆ. ತೊಗರಿಯ ಬೀಜದಲ್ಲಿ ಹಿಡಿಯಷ್ಟು ಜೋಳ ಬೆರೆಸಿ ಬಿತ್ತುವುದು ಇನ್ನೂ ಸುಲಭ; ಎದ್ದು ನಿಂತ ಜೋಳದ ದಂಟೇ ಹಕ್ಕಿಗೆ ಪೀಠ.

ಹಂದಿಯ ಮಾತು ಬಂದರೆ ರೈತನ ಮುಖ ಬಾಡುತ್ತದೆ, ಬಾಡುವುದು ನ್ಯಾಯವೇ. ಕಬ್ಬು ಹೆಚ್ಚಿದಲ್ಲಿ ಹಂದಿ ಹೆಚ್ಚುವುದು ಸಹಜ, ಅದಕ್ಕೆ ಊಟವೂ ಅಲ್ಲಿಯೇ ಮರೆಯೂ ಅಲ್ಲಿಯೇ. ಪಡದಲ್ಲಿ ಒತ್ತಾಗಿ ಬೆಳೆದ ಬಳ್ಳಾರಿ ಜಾಲಿ ಅದಕ್ಕೆ ಇನ್ನೊಂದು ಮನೆ. ಆದ್ದರಿಂದ ಪಡವನ್ನು ಉಳಿಸಿರಿ ಎಂದ ಮಾತಿಗೆ ಜಾಲಿಯನ್ನು ಉಳಿಸಿರಿ ಎಂದು ಅರ್ಥವಲ್ಲ. ಜಾಲಿಯನ್ನು ಬೇರುಸಹಿತ ತೆಗೆಯಬೇಕು. ಬರೀ ಕೊಯ್ದರೆ ಇಮ್ಮಡಿಯಾಗಿ ಚಿಗುರುವುದು. ಹೊಲಕ್ಕೆ ತಾಗಿದ ಇಪ್ಪತ್ತು ಮಾರಿನಷ್ಟು ಪಟ್ಟಿಯನ್ನು ಮೊದಲು ತೆರವು ಮಾಡಿದರೆ ಹಂದಿಗೆ ಬಯಲು ದಾಟಿ ಬರುವ ಅಂಜಿಕೆ ಉಂಟಾಗುತ್ತದೆ. ಹಿಂಗಾರಿಯಲ್ಲಿ ಹೊಲದ ಸುತ್ತ ನಾಲ್ಕು ಸಾಲು ಕುಸುಬಿ ಬಿತ್ತುವುದು ನಮ್ಮ ಹಿರಿಯರ ಪದ್ಧತಿ. ಅದರ ಮುಳ್ಳಿಗೆ ದನವೂ ಹಿಂಜರಿಯುತ್ತದೆ, ಹಂದಿಯೂ ಹಿಂಜರಿಯುತ್ತದೆ. ಮುಂಗಾರಿಯ ಗೋವಿನಜೋಳಕ್ಕೆ ಔಡಲದ ಸಾಲು. ಇವುಗಳಿಂದ ಹಂದಿ ಪೂರ್ತಿ ನಿಲ್ಲುವುದೆಂದು ನಾವು ಹೇಳಲಾರೆವು, ಕಡಿಮೆಯಾಗುವುದು. ಕಂಬದಿಂದ ನೇರವಾಗಿ ಕರೆಂಟು ಎಳೆದು ತಂತಿ ಬಿಡುವುದನ್ನು ಮಾತ್ರ ಯಾರೂ ಮಾಡಬಾರದು. ಅದರಲ್ಲಿ ಹಂದಿಗಿಂತ ಮೊದಲು ನೀರು ಹಾಯಿಸಲು ಹೋದ ನೆರೆಯವನು ಸಾಯುತ್ತಾನೆ, ತಂತಿ ಬಿಟ್ಟವನು ಜೇಲು ಕಾಣುತ್ತಾನೆ.

ಕಾಯಿದೆಯ ವಿಷಯವನ್ನೂ ಮರೆಮಾಚದೆ ಹೇಳಬೇಕು. 2002ರ ನೀರು, ಭೂಮಿ ಮತ್ತು ಮರಗಳ ಕಾಯಿದೆಯ ಪ್ರಕಾರ ನಿಮ್ಮ ಪಟ್ಟಾ ಭೂಮಿಯ ಮರವನ್ನು ಕಡಿಯುವುದಕ್ಕೂ ಅಪ್ಪಣೆ ಬೇಕು. ಕೆಲವು ಜಾತಿಯ ಮರಗಳಿಗೆ ಮಾತ್ರ ವಿನಾಯಿತಿ. ಈ ಕಾಯಿದೆ ಮರ ಉಳಿಯಲೆಂದು ಬಂದದ್ದು. ಆದರೆ ನಾಳೆ ಕಡಿಯಲು ಅಲೆದಾಡಬೇಕಾದೀತೆಂದು ತಾನಾಗಿ ಹುಟ್ಟಿದ ಸಸಿಯನ್ನು ಗೇಣುದ್ದವಿರುವಾಗಲೇ ಕಿತ್ತೊಗೆಯುವವರೂ ಇದ್ದಾರೆ. ಇದನ್ನು ಲೆಕ್ಕದ ಪುಸ್ತಕದಲ್ಲಿ ಅವಶ್ಯ ಬರೆಯಬೇಕು. ಅಧಿಕಾರಿಗಳಿಗೆ ಇದು ಬೇರೆ ದಾರಿಯಿಂದ ತಿಳಿಯುವುದು ಕಷ್ಟ. ಚಿಗರಿ, ನವಿಲುಗಳಿಗೆ 1972ರ ವನ್ಯಜೀವಿ ಕಾಯಿದೆಯಲ್ಲಿ ಎಲ್ಲಕ್ಕಿಂತ ಬಿಗಿಯಾದ ರಕ್ಷಣೆಯಿದೆ, ಅವು ನಿಮ್ಮ ಹೊಲದಲ್ಲಿದ್ದರೂ ಸರಿ. ಬೆಳೆ ಕೆಡಿಸುವ ಹಂದಿಯ ವಿಷಯದಲ್ಲಿಯೂ ಬರೆದುಕೊಟ್ಟ ಅಪ್ಪಣೆಯಿಲ್ಲದೆ ಕೈಮಾಡುವಂತಿಲ್ಲ. ಬೆಳೆ ಹಾನಿಯಾದರೆ ಅಂದೇ ಚಿತ್ರ ತೆಗೆದು, ಎಷ್ಟು ಗುಂಟೆಯೆಂದು ಬರೆದು ಅರಣ್ಯ ಮತ್ತು ಕೃಷಿ ಕಚೇರಿಗಳಿಗೆ ಅರ್ಜಿ ಕೊಡಬೇಕು. ತಡವಾದರೆ ಗುರುತು ಉಳಿಯದು.

ಕೊಕ್ಕರೆ ಬೆಳ್ಳೂರಿನಂಥ ಸಮುದಾಯ ಮೀಸಲು ನಮ್ಮಲ್ಲಿಯೂ ಆಗಬಹುದೇ? ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿ ಇದಕ್ಕೆ ದಾರಿ ಮಾಡಿದೆ. ಒಡೆಯನಾಗಲಿ ಊರವರಾಗಲಿ ತಾವಾಗಿ ಮುಂದೆ ಬಂದರೆ ಮಾತ್ರ ಖಾಸಗಿ ಅಥವಾ ಊರೊಟ್ಟಿನ ಭೂಮಿಯನ್ನು ಹಾಗೆ ಘೋಷಿಸಬಹುದು. ನೆಲದ ಒಡೆತನ ಹೋಗುವುದಿಲ್ಲ. ನಡೆಸುವ ಸಮಿತಿಯಲ್ಲಿ ಪಂಚಾಯತಿ ಹೆಸರಿಸಿದವರೂ ಅರಣ್ಯ ಇಲಾಖೆಯವರೂ ಇರುತ್ತಾರೆ. ಆದರೆ ಒಮ್ಮೆ ಘೋಷಣೆಯಾಯಿತೆಂದರೆ ಆ ನೆಲದ ಬಳಕೆಯನ್ನು ಬದಲಿಸಲು ಸಮಿತಿಯ ಠರಾವೂ ಸರಕಾರದ ಒಪ್ಪಿಗೆಯೂ ಬೇಕಾಗುವುದು. ಮಗಳ ಮದುವೆಗೆಂದೋ ಸಾಲ ತೀರಿಸಲೆಂದೋ ಇಟ್ಟುಕೊಂಡ ಎರಡೆಕರೆಯವನು ಇದನ್ನು ತಿಳಿಯದೆ ಸಹಿ ಹಾಕಬಾರದು. ನಮ್ಮ ಅಭಿಪ್ರಾಯದಲ್ಲಿ ಮೊದಲು ಮಾತಿನ ಒಪ್ಪಂದದಿಂದ ಎರಡು ಮೂರು ವರ್ಷ ನಡೆಸಿ ನೋಡುವುದು ಲೇಸು. ಆಮೇಲೆ ಗಾಯರಾಣದಂಥ ಊರೊಟ್ಟಿನ ನೆಲಕ್ಕೆ ಮೀಸಲನ್ನು ಯೋಚಿಸಬಹುದು.

ಅದಕ್ಕಿಂತ ಹಗುರವಾದ ಇನ್ನೊಂದು ಆಸರೆ ಜೀವವೈವಿಧ್ಯ ಕಾಯಿದೆಯಲ್ಲಿದೆ. ಅದೂ 2002ರದೇ. ಅದರಂತೆ ಪ್ರತಿಯೊಂದು ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರ ಗಿಡಮರ, ಪ್ರಾಣಿಪಕ್ಷಿ, ಬೀಜಗಳ ಬಗೆಗೆ ಜನರ ತಿಳಿವಳಿಕೆಯನ್ನು ಕೂಡಿಸಿ ದಾಖಲೆ ಪುಸ್ತಕ ಮಾಡಬೇಕು. ನಾವು ಹೇಳಿದ ಒಡೆಯರ ಲೆಕ್ಕದ ಸಾರಾಂಶವನ್ನು, ಹೆಸರುಗಳನ್ನು ಬಿಟ್ಟು, ಆ ಪುಸ್ತಕಕ್ಕೆ ಸೇರಿಸಿದರೆ ಅದಕ್ಕೆ ಕಾಯಿದೆಯ ಬಲ ಬರುತ್ತದೆ. ಹೆಸರುಗಳಿರುವ ಪುಸ್ತಕ ಊರಲ್ಲಿಯೇ ಇರಲಿ. ಜಹೀರಾಬಾದಿನ ಹತ್ತಿರದ ಪಸ್ತಾಪುರದಲ್ಲಿ 1983ರಿಂದ ಕೆಲಸ ಮಾಡುತ್ತಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳ ಸಂಘಗಳು, ಹೆಚ್ಚಾಗಿ ದಲಿತ ರೈತ ಮಹಿಳೆಯರವು, ಇಂಥ ತಿಳಿವಳಿಕೆಯನ್ನು ಕೂಡಿಡುವುದರಲ್ಲಿ ನಮ್ಮ ಸೀಮೆಗೇ ಮಾದರಿ. ಸಿರಿಧಾನ್ಯಗಳ ಬೀಜ ಉಳಿಸಿದ್ದು, ಬಿತ್ತದೆ ಬರುವ ಸೊಪ್ಪುಗಳನ್ನು ಗುರುತಿಸಿ ಬರೆಸಿದ್ದು, ಊರೊಟ್ಟಿನ ಬೋಳುನೆಲದಲ್ಲಿ ಗಿಡ ಬೆಳೆಸಿದ್ದು ಇವರ ಕೆಲಸ. ಎತ್ತಿನ ಬಂಡಿಗಳಲ್ಲಿ ಬೀಜಗಳನ್ನಿಟ್ಟು ಊರೂರಿಗೆ ಒಯ್ಯುವ ಅವರ ಜಾತ್ರೆಯನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. 2019ರಲ್ಲಿ ಈ ಸಂಘಗಳಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಹೆಚ್ಚು ಓದದ ಹೆಂಗಸರು ಮಾಡಿದ ಈ ಕೆಲಸವನ್ನು ಕಂಡ ಮೇಲೆ, ಲೆಕ್ಕ ಬರೆಯುವುದು ನಮ್ಮಿಂದಾಗದು ಎಂದು ಯಾವ ಊರೂ ಹೇಳುವಂತಿಲ್ಲ.

ಈ ಕೆಲಸಕ್ಕೆ ತಕ್ಕ ಕಾಲ ಯಾವುದು? ಎಳ್ಳಮಾಸೆಯ ಸುತ್ತಿನ ವಾರವೆಂದು ನಮ್ಮ ಸಲಹೆ. ಆಗ ಹುಲ್ಲು ಒಣಗಿ ಹೆಜ್ಜೆ, ಬಿಲಗಳು ಕಾಣುತ್ತವೆ. ಕಡಲೆ, ಜೋಳ ಹೊಲದಲ್ಲಿರುವುದರಿಂದ ಯಾವ ಪ್ರಾಣಿ ಏನು ತಿಂದಿತೆಂಬುದು ಕಣ್ಣೆದುರಿಗಿರುತ್ತದೆ. ಮೇಲಾಗಿ ಅಮಾವಾಸ್ಯೆಯ ದಿನ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಹೈದರಾಬಾದಿಗೆ ಹೋದವರೂ ಕೆಲವರು ಬಂದಿರುತ್ತಾರೆ. ಬಾಗಿಲಿಗೆ ಹೋಗಿ ಕೇಳುವುದಕ್ಕಿಂತ ಅವರವರ ಹೊಲದಲ್ಲಿ ಊಟಕ್ಕೆ ಕೂತು ಕೇಳಿದರೆ ಉತ್ತರ ಸರಾಗವಾಗಿ ಬರುವುದು. ಒಂದು ದಪ್ಪ ರಟ್ಟಿನ ಪುಸ್ತಕ, ಸರ್ವೆ ನಂಬರಿನ ಕ್ರಮದಲ್ಲಿ ಒಂದೊಂದು ತುಂಡಿಗೆ ಎರಡು ಪುಟ, ಎಡಪುಟದಲ್ಲಿ ನೆಲ ಮತ್ತು ಪ್ರಾಣಿ, ಬಲಪುಟದಲ್ಲಿ ಒಡೆಯನ ಮಾತು. ಬಲಪುಟದ ಅರ್ಧವನ್ನು ಖಾಲಿ ಬಿಟ್ಟಿರಿ, ಮುಂದಿನ ಎಳ್ಳಮಾಸೆಗೆ ಅದೇ ತುಂಡ ಮೇಲೆ ನಿಂತು ಅದೇ ಪ್ರಶ್ನೆ ಕೇಳಿ ಬರೆಯುವುದಕ್ಕೆ.